ಸಿಂಗಾಪುರದ ಸರ್ಟಿಫಿಕೇಟಿಗೆ ಸಿಇಟಿಯಲ್ಲಿ ಎಷ್ಟು ಅಂಕ?

ಕಳೆದ ಜೂನ್‌ನಲ್ಲಿ ಗುಂಡ್ಲುಪೇಟೆಯಿಂದ ಭಾವ ಫೋನ್ ಮಾಡಿದ್ರು. ಅಕ್ಕನ ಮಗಳು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ, ಸೈನ್ಸ್ ತಗೊಂಡು ಪಿಯುಸಿಗೆ ಸೇರಿದ್ದಳು. ಮೈಸೂರಿನ ಒಂದು ಏಜೆನ್ಸಿಯವರು ಚಾಮರಾಜನಗರದ ಕಲ್ಯಾಣ ಮಂಟಪದಲ್ಲಿ 'ಕರಿಯರ್ ಸೆಮಿನಾರ್' ಮಾಡಿ, ಬಂದವರಿಗೆಲ್ಲ ಊಟ ಹಾಕಿಸಿ, ಮಿರಮಿರ ಮಿಂಚುವ ಕರಪತ್ರ ಕೊಟ್ಟು ಕಳಿಸಿದ್ದರು. ದಸರಾ ರಜೆಯಲ್ಲಿ ಎರಡು ವಾರ ಸಿಂಗಾಪುರ. ಹೆಸರು 'ಗ್ಲೋಬಲ್ ಇಂಟರ್ನ್‌ಶಿಪ್'. ಖರ್ಚು 2 ಲಕ್ಷ 80 ಸಾವಿರ. ಭಾವ ಆಗಲೇ ಹತ್ತು ಸಾವಿರ ಮುಂಗಡ ಕಟ್ಟಿ ಬಂದಿದ್ದರು.

"ಇದ ಮಾಡುಸ್ಬುಟ್ರ ದೊಡ್ಡ ಕಾಲೇಜಲ್ಲಿ ಸೀಟು ಗ್ಯಾರಂಟಿ ಅಂತರ ಕನಪ್ಪ. ಅರಿಶಿನ ಮಾರಿದ ದುಡ್ಡು ವಸಿ ಅದ. ಮಿಕ್ಕಿದ್ದ ಸೊಸೈಟೀಲಿ ಎತ್ತುದ್ರಾಯ್ತು. ನೀ ಯಾನಂದೀಯೆ?"

ನಮ್ಮ ಜಿಲ್ಲೆಗೆ ಬಂದ್ರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಹೆದರುತ್ತಿದ್ದ ಕಾಲವೊಂದಿತ್ತು. ಈಗ ಇಂಥ ಏಜೆನ್ಸಿಗಳು ಯಾವ ಹೆದರಿಕೆಯೂ ಇಲ್ಲದೆ ಬರ್ತಿವೆ. ಅದು ತಮಾಷೆಗಿರಲಿ. ನಾನು ಮತ್ತು ಕೆಲವು ಗೆಳೆಯರು ಪ್ರತಿವರ್ಷ ಸಿಇಟಿ ಫಲಿತಾಂಶ ಬಂದ ಮೇಲೆ ಗುಂಡ್ಲುಪೇಟೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಹಳ್ಳಿ ಮಕ್ಕಳಿಗೆ ಆಪ್ಶನ್ ಎಂಟ್ರಿ ಮಾಡಿಕೊಡ್ತೀವಿ. ಹಾಗಾಗಿ ಭಾವನ ಪ್ರಶ್ನೆಗೆ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು: ಸೊನ್ನೆ. ಆದರೆ ಒಂದು ಪದ ಹೇಳಿ ಫೋನ್ ಇಟ್ಟರೆ ಅವರು ನಂಬೋದಿಲ್ಲ. ಸೆಮಿನಾರಿನಲ್ಲಿ ಸೂಟು ಹಾಕಿದವನು ಒಂದೂವರೆ ಗಂಟೆ ಮಾತಾಡಿದ್ದ. ನಾನೂ ಅಷ್ಟು ಹೊತ್ತು ಮಾತಾಡಬೇಕಿತ್ತು. ಆ ಮಾತನ್ನೇ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಅದೇ ಕಲ್ಯಾಣ ಮಂಟಪದಲ್ಲಿ ಇನ್ನೂ ನೂರಾರು ಜನ ಅಪ್ಪ-ಅಮ್ಮಂದಿರು ಊಟ ಮಾಡಿ ಹೋಗಿದ್ದಾರೆ.

ಸೊನ್ನೆಯ ಲೆಕ್ಕ

ಚಾಮರಾಜನಗರ ಜಿಲ್ಲೆಯ ಒಬ್ಬ ಹುಡುಗಿ ಪಿಯುಸಿ ಮುಗಿಸಿ ಎಲ್ಲಿಗೆ ಹೋಗಬಹುದು? ಎಂಜಿನಿಯರಿಂಗ್ ಆದರೆ ಸಿಇಟಿ. ಅಲ್ಲಿ ರ‍್ಯಾಂಕ್ ಬರೋದು ಎರಡು ಸಂಖ್ಯೆಗಳಿಂದ: ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿಯಲ್ಲಿ ಅದೇ ಮೂರು ವಿಷಯದ ಅಂಕ ಅರ್ಧ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೂ ಇದೇ ಲೆಕ್ಕ, ಬೆಂಗಳೂರಿನ ಹೆಸರುವಾಸಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೂ ಇದೇ ಲೆಕ್ಕ. ಡಾಕ್ಟರ್ ಆಗಬೇಕಾ? 2016ರಲ್ಲಿ ನಮ್ಮಲ್ಲೇ ಶುರುವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರೋಕೆ ನೀಟ್ ಅಂಕವೊಂದೇ ದಾರಿ. ಐಐಟಿಗೆ ಜೆಇಇ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ. ಕಾನೂನು ಶಾಲೆಗೆ ಕ್ಲಾಟ್. ಬಿಎಸ್ಸಿ, ಬಿಕಾಂಗೆ ಸರ್ಕಾರಿ ಪದವಿ ಕಾಲೇಜಾದರೆ ಪಿಯುಸಿ ಅಂಕ ಮತ್ತು ಮೀಸಲಾತಿ ರೋಸ್ಟರ್.

ಈ ಅರ್ಜಿಗಳಲ್ಲಿ ಯಾವುದರಲ್ಲೂ 'ನೀವು ಸಿಂಗಾಪುರಕ್ಕೆ ಹೋಗಿದ್ದೀರಾ?' ಅಂತ ಕೇಳುವ ಕಾಲಂ ಇಲ್ಲ. ಸರ್ಟಿಫಿಕೇಟ್ ಅಪ್‌ಲೋಡ್ ಮಾಡೋಕೆ ಜಾಗವೂ ಇಲ್ಲ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್‌ಗೆ ಪ್ರತ್ಯೇಕವಾಗಿ ಒಂದಿಷ್ಟು ಸೀಟುಗಳಿವೆ, ಅದಕ್ಕೂ ಇಂಥ ಮಟ್ಟದ ಸಾಧನೆಯೇ ಬೇಕು ಅಂತ ಲಿಖಿತ ನಿಯಮ ಇದೆ. ಇಂಟರ್ನ್‌ಶಿಪ್ ಅಲ್ಲಿಲ್ಲ. ಎಂಜಿನಿಯರಿಂಗ್‌ಗೆ ಸೇರಿದ ಮೇಲೆ ವಿಟಿಯು ಪಠ್ಯಕ್ರಮದಲ್ಲೇ ಇಂಟರ್ನ್‌ಶಿಪ್ ಕಡ್ಡಾಯವಾಗಿ ಬರುತ್ತೆ. ಅದು ಒಳಗೆ ಹೋದಮೇಲಿನ ಮಾತು. ಬಾಗಿಲಲ್ಲಿ ಅದನ್ನ ಯಾರೂ ಕೇಳಲ್ಲ.

ಭಾವನಿಗೆ ಇಷ್ಟು ಹೇಳಿದಾಗ ಅವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: "ಅಂಗಾರ ಫಾರಿನ್ ಕಾಲೇಜಿಗ?"

ಲೆಕ್ಕಕ್ಕೆ ಬರುವ ಕಡೆ

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಕರಪತ್ರದಲ್ಲಿ 'ಹೈಸ್ಕೂಲ್ ವಿದ್ಯಾರ್ಥಿಗಳಿಗಾಗಿ' ಅಂತ ಇದೆ. ನಮ್ಮಲ್ಲಿ ಹೈಸ್ಕೂಲ್ ಅಂದ್ರೆ ಎಂಟರಿಂದ ಹತ್ತು. ಅಮೆರಿಕದಲ್ಲಿ ಒಂಬತ್ತರಿಂದ ಹನ್ನೆರಡು, ಅಂದ್ರೆ ನಮ್ಮ ಪಿಯುಸಿಯೂ ಸೇರಿ. ಈ ಇಡೀ ವ್ಯಾಪಾರ ಹುಟ್ಟಿದ್ದು ಅಮೆರಿಕದ ಪ್ರವೇಶ ಪದ್ಧತಿಗಾಗಿ. ಅಲ್ಲಿಂದ ಪದ ಸಮೇತ ಎತ್ತಿಕೊಂಡು ಬಂದು ಇಲ್ಲಿ ಮಾರ್ತಿದ್ದಾರೆ.

ಬೇರೆ ದೇಶಗಳ ವಿಷಯ ಬೇಗ ಮುಗಿಯುತ್ತೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ನೋಡೋದು ನಿಮ್ಮ ಅಂಕ, ಓದಿದ ವಿಷಯ, ಭಾಷೆ. ಬ್ರಿಟನ್‌ನಲ್ಲಿ ಓದಲು ಹೊರಟಿರುವ ವಿಷಯದ ಬಗ್ಗೆ ನಿಮಗೆ ನಿಜಕ್ಕೂ ಆಸಕ್ತಿ ಇದೆಯಾ ಅನ್ನೋದು ಮುಖ್ಯ. ವೈದ್ಯಕೀಯಕ್ಕೆ ಮಾತ್ರ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸ ಮಾಡಿದ ಅನುಭವ ನೋಡ್ತಾರೆ, ಅದನ್ನ ನಿಮ್ಮೂರಲ್ಲೇ ಮಾಡಿದ್ರೂ ನಡೆಯುತ್ತೆ.

ಅಮೆರಿಕದ್ದೇ ಬೇರೆ ಕತೆ. ಅಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳು 'ಕಾಮನ್ ಆ್ಯಪ್' ಎಂಬ ಒಂದೇ ಅರ್ಜಿಯನ್ನ ಬಳಸ್ತವೆ. ಅದರಲ್ಲಿ ಪಾಠದಾಚೆಗಿನ ಚಟುವಟಿಕೆಗಳಿಗೆ ಹತ್ತು ಸಾಲು ಜಾಗ ಇದೆ. ಒಂದೊಂದು ಚಟುವಟಿಕೆಯನ್ನ ವಿವರಿಸೋಕೆ ಸಿಗೋದು 150 ಅಕ್ಷರ ಮಾತ್ರ, ನಡುವಿನ ಖಾಲಿ ಜಾಗವೂ ಸೇರಿ. ಚಟುವಟಿಕೆ ಯಾವ ಬಗೆಯದು ಅಂತ ಆರಿಸಲು ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ 'ಇಂಟರ್ನ್‌ಶಿಪ್' ಇರೋದು ನಿಜ. ಕರಪತ್ರದವರು ಹೇಳದೇ ಇದ್ದದ್ದು ಏನಂದ್ರೆ, ಅದೇ ಪಟ್ಟಿಯಲ್ಲಿ 'ಸಂಬಳದ ಕೆಲಸ' ಇದೆ, 'ಕುಟುಂಬದ ಜವಾಬ್ದಾರಿಗಳು' ಕೂಡ ಇದೆ. ತಮ್ಮ-ತಂಗಿಯರನ್ನ ನೋಡಿಕೊಂಡಿದ್ದು, ಹೊಲದಲ್ಲಿ ದುಡಿದದ್ದು, ಅಂಗಡಿಯಲ್ಲಿ ಕೂತದ್ದು ಎಲ್ಲವೂ ಅಲ್ಲಿ ಬರೆಯಬಹುದಾದ ಸಂಗತಿಗಳೇ. 2016ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ 'ಟರ್ನಿಂಗ್ ದ ಟೈಡ್' ಎಂಬ ವರದಿ ಬಂತು. ಹೆಸರಾಂತ ಕಾಲೇಜುಗಳ ಹತ್ತಾರು ಪ್ರವೇಶಾಧಿಕಾರಿಗಳು ಅದನ್ನ ಅನುಮೋದಿಸಿದ್ರು. ದೂರದ ದೇಶಕ್ಕೆ ಹೋಗಿ ಮಾಡುವ ಅಬ್ಬರದ 'ಸೇವೆ'ಗಿಂತ ಮನೆಗಾಗಿ, ಊರಿಗಾಗಿ ಬಹುಕಾಲ ಮಾಡಿದ ಕೆಲಸಕ್ಕೆ ಬೆಲೆ ಕೊಡಿ ಅನ್ನೋದು ಅದರ ಒಂದು ಮುಖ್ಯ ಒತ್ತಾಯ.

ಹಾಗಾದ್ರೆ ವಿದೇಶಿ ಇಂಟರ್ನ್‌ಶಿಪ್ ಅಲ್ಲಿ ಎಷ್ಟು ತೂಗುತ್ತೆ? ಇಂಟರ್ನ್‌ಶಿಪ್‌ಗಳಲ್ಲೇ ಎರಡು ಜಾತಿ ಇವೆ. ಒಂದು, ಅರ್ಜಿ ಹಾಕಿ, ಸ್ಪರ್ಧಿಸಿ, ದುಡ್ಡು ಕೊಡದೆ ಆಯ್ಕೆಯಾಗಿ, ಯಾವುದೋ ಪ್ರಯೋಗಾಲಯದಲ್ಲಿ ನಿಜವಾಗಿ ಕೆಲಸ ಮಾಡಿ ಬರೋದು. ಇದಕ್ಕೆ ಬೆಲೆ ಇದೆ, ಯಾಕಂದ್ರೆ ಇನ್ಯಾರೋ ನಿಮ್ಮನ್ನ ಅಳೆದಿದ್ದಾರೆ. ಎರಡನೆಯದು, ದುಡ್ಡು ಕಟ್ಟಿದವರಿಗೆಲ್ಲ ಸಿಗೋದು. ಬೆಳಗ್ಗೆ ಒಂದು ಕಂಪನಿಯ ಕಚೇರಿ ತೋರಿಸ್ತಾರೆ, ಮಧ್ಯಾಹ್ನ ಒಂದು ಉಪನ್ಯಾಸ, ಸಂಜೆ ಶಾಪಿಂಗ್, ಕೊನೇ ದಿನ ಗ್ರೂಪ್ ಫೋಟೊ. ಪ್ರವಾಸಿ ವೀಸಾದಲ್ಲಿ ಹೋದ ಹದಿನಾರರ ಹುಡುಗಿ ಅಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡೋ ಹಾಗೇ ಇಲ್ಲ. ಹಾಗಾಗಿ ಅದು ಪ್ರವಾಸ, ಮೇಲೊಂದು ಸರ್ಟಿಫಿಕೇಟ್. ಸಾವಿರಾರು ಅರ್ಜಿ ಓದುವ ಪ್ರವೇಶಾಧಿಕಾರಿಗೆ ಈ ವ್ಯತ್ಯಾಸ ಗೊತ್ತಾಗದೆ ಇರುತ್ತಾ?

ಇನ್ನೊಂದು ಸಂಖ್ಯೆ ನೋಡಿ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಬೇರೆಲ್ಲ ದೇಶಕ್ಕಿಂತ ಹೆಚ್ಚು. ಅವರಲ್ಲಿ ಪದವಿ ಮಟ್ಟದಲ್ಲಿ ಓದ್ತಿದ್ದವರು ಸುಮಾರು 36 ಸಾವಿರ ಮಾತ್ರ. ಮಿಕ್ಕವರು ಇಲ್ಲೇ ಬಿಇ, ಬಿಎಸ್ಸಿ ಮಾಡಿ ಮಾಸ್ಟರ್ಸ್‌ಗೋ ಪಿಎಚ್‌ಡಿಗೋ ಹೋದವರು ಅಥವಾ ಓದು ಮುಗಿಸಿ ತರಬೇತಿ ಅವಧಿಯಲ್ಲಿ ಕೆಲಸ ಮಾಡ್ತಿದ್ದವರು. ಮಾಸ್ಟರ್ಸ್‌ಗೆ ಅರ್ಜಿ ಹಾಕುವಾಗ ಹದಿನಾರನೇ ವಯಸ್ಸಲ್ಲಿ ನೀವು ಸಿಂಗಾಪುರದಲ್ಲಿ ಏನು ಮಾಡಿದ್ರಿ ಅನ್ನೋದು ಯಾರಿಗೂ ಬೇಕಿಲ್ಲ. ಅಮೆರಿಕಕ್ಕೆ ಹೋಗಲೇಬೇಕು ಅನ್ನುವ ನಮ್ಮೂರ ಹುಡುಗಿಗೂ ನಿಜವಾದ ದಾರಿ ಇಲ್ಲಿನ ಒಂದು ಒಳ್ಳೆ ಪದವಿಯ ಮೂಲಕವೇ ಹೋಗುತ್ತೆ.

ನ್ಯಾಯವಾಗಿ ಹೇಳಬೇಕಂದ್ರೆ, ಭಾರತದಲ್ಲೂ ಅಮೆರಿಕದ ದಾರಿ ಹಿಡಿದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಿವೆ. ಅಶೋಕ ವಿಶ್ವವಿದ್ಯಾಲಯದಂಥವು ಪ್ರಬಂಧ, ಚಟುವಟಿಕೆ, ಸಂದರ್ಶನ ಎಲ್ಲವನ್ನೂ ನೋಡ್ತವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನ ಮಾಡುತ್ತೆ, ಬಡ ಕುಟುಂಬದ ಮಕ್ಕಳಿಗೆ ಶುಲ್ಕದಲ್ಲಿ ನೆರವನ್ನೂ ಕೊಡುತ್ತೆ. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯೋಕೆ 2025ರಲ್ಲಿ ಅನುಮತಿ ಸಿಕ್ಕಿದೆ. ಈ ಲೋಕ ಬೆಳೀತಿದೆ. ಅದಕ್ಕೇ 'ಸಮಗ್ರ ವ್ಯಕ್ತಿತ್ವ' ನೋಡಿ ಸೀಟು ಕೊಡುವ ಪದ್ಧತಿ ಎಲ್ಲಿಂದ ಬಂತು ಅಂತ ನಾವು ತಿಳಿದಿರಬೇಕು.

'ವ್ಯಕ್ತಿತ್ವ' ನೋಡುವುದು ಶುರುವಾದದ್ದು

1920ರ ದಶಕದವರೆಗೆ ಹಾರ್ವರ್ಡ್ ಸೇರಲು ಮುಖ್ಯವಾಗಿ ಪರೀಕ್ಷೆ ಪಾಸಾದ್ರೆ ಸಾಕಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು ಓದಿ ಪಾಸಾಗತೊಡಗಿದ್ರು. 1922ರ ಹೊತ್ತಿಗೆ ಹೊಸದಾಗಿ ಸೇರುವವರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಅವರೇ. ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಅದು ಸಹಿಸಲಿಲ್ಲ. ನೇರವಾಗಿ ಮಿತಿ ಹಾಕಲು ಹೊರಟರು, ವಿರೋಧ ಬಂತು. ಆಮೇಲೆ ಬೇರೆ ದಾರಿ ಕಂಡುಕೊಂಡರು: ಅಂಕದ ಜೊತೆ 'ಚಾರಿತ್ರ್ಯ', 'ವ್ಯಕ್ತಿತ್ವ'ವನ್ನೂ ನೋಡೋಣ, ಅರ್ಜಿಯ ಜೊತೆ ಫೋಟೊ ಕೇಳೋಣ. ಯಾರನ್ನ ಯಾಕೆ ಬಿಟ್ಟಿರಿ ಅಂತ ಕೇಳಿದ್ರೆ ಇನ್ನು ಮುಂದೆ ತೋರಿಸೋಕೆ ಸಂಖ್ಯೆಯೇ ಇಲ್ಲ. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ 'ದ ಚೋಸನ್' ಪುಸ್ತಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ದಾಖಲೆ ಇಟ್ಟು ಇದನ್ನೆಲ್ಲ ಬಿಡಿಸಿಟ್ಟಿದ್ದಾರೆ.

ಮುಂದೆ ಅದೇ ವಿವೇಚನಾಧಿಕಾರವನ್ನ ಕಪ್ಪು ಜನರನ್ನ, ಬಡವರನ್ನ ಒಳಗೆ ತರಲೂ ಬಳಸಿದ್ರು, ಅದನ್ನ ಮರೆಯಬಾರದು. ಆದರೆ ಒಟ್ಟಾರೆ ಲಾಭ ಯಾರಿಗಾಯ್ತು? 2023ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಹನ್ನೆರಡು ಅತಿ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಲೆಕ್ಕ ತೆಗೆದ್ರು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಮಟ್ಟದ ಅಂಕ ಪಡೆದ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ 1ರ ಮನೆಗಳ ಮಕ್ಕಳು ಅಲ್ಲಿ ಓದುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು. ಅದಕ್ಕೆ ಅವರು ತೋರಿಸಿದ ಮೂರು ಕಾರಣಗಳು: ಅಪ್ಪ-ಅಮ್ಮ ಅಲ್ಲೇ ಓದಿದವರ ಮಕ್ಕಳಿಗೆ ಸಿಗುವ ಆದ್ಯತೆ, ಕ್ರೀಡಾ ಆಯ್ಕೆ, ಮತ್ತು ಪಾಠದಾಚೆಗಿನ ಸಾಧನೆಗಳಿಗೆ ಕೊಡುವ ತೂಕ. ಈ ಮೂರನೆಯದರಲ್ಲೇ ನಮ್ಮ ಇಂಟರ್ನ್‌ಶಿಪ್ ಕೂತಿರೋದು. ಓದು ಮುಗಿದ ಮೇಲೆ ಯಾರು ಎಷ್ಟು ಮುಂದೆ ಬಂದ್ರು ಅಂತ ನೋಡಿದಾಗ ಪರೀಕ್ಷೆಯ ಅಂಕ ಅದನ್ನ ಚೆನ್ನಾಗಿಯೇ ಸೂಚಿಸ್ತಿತ್ತು. ಶ್ರೀಮಂತರನ್ನ ಮೇಲೆತ್ತಿದ ಈ ಮೂರು ಸಂಗತಿ ಸೂಚಿಸ್ತಿರಲಿಲ್ಲ.

ಮಾರುಕಟ್ಟೆ ಇದನ್ನ ಎಲ್ಲರಿಗಿಂತ ಮೊದಲು ಅರ್ಥ ಮಾಡ್ಕೊಂಡಿತು. 2023ರ ಮೇ ತಿಂಗಳಲ್ಲಿ 'ಪ್ರೊಪಬ್ಲಿಕಾ' ಪತ್ರಿಕೆ ಒಂದು ತನಿಖಾ ವರದಿ ಮಾಡಿತು. ಹೈಸ್ಕೂಲ್ ಮಕ್ಕಳಿಗೆ ಒಬ್ಬ ಮಾರ್ಗದರ್ಶಕನನ್ನ ಕೊಟ್ಟು, ಸಂಶೋಧನಾ ಪ್ರಬಂಧ ಬರೆಸಿ, ಅದನ್ನ ಎಲ್ಲೋ ಪ್ರಕಟಿಸಿಕೊಡುವ ಕಂಪನಿಗಳಿವೆ. ಶುಲ್ಕ ಎರಡೂವರೆ ಸಾವಿರ ಡಾಲರ್‌ನಿಂದ ಹತ್ತು ಸಾವಿರ ಡಾಲರ್‌ವರೆಗೆ. ಗಿರಾಕಿಗಳಲ್ಲಿ ಏಷ್ಯಾದ ಮಕ್ಕಳೂ ಇದ್ದಾರೆ. ನಮ್ಮ ಕಲ್ಯಾಣ ಮಂಟಪಕ್ಕೆ ಬಂದ ಕರಪತ್ರ ಅದೇ ಮರದ ಒಂದು ಒಣಗಿದ ಟೊಂಗೆ.

ಸೀಟು ಮಾರುವುದು ನಮಗೆ ಹೊಸದಲ್ಲ

ಅಮೆರಿಕದ ಕತೆ ಅಂತ ನಾವು ದೂರ ನಿಂತು ನೋಡುವ ಹಾಗಿಲ್ಲ. ಸೀಟು ಮಾರುವ ವಿದ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಗುರು. 'ಕ್ಯಾಪಿಟೇಶನ್' ಅನ್ನೋ ಪದ ಎಪ್ಪತ್ತು-ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆಮಾತಾಗಿತ್ತು. 1984ರಲ್ಲಿ ಅದನ್ನ ನಿಷೇಧಿಸಲು ಕಾಯ್ದೆ ಬಂತು. ವ್ಯಾಪಾರ ನಿಲ್ಲಲಿಲ್ಲ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬಾಕೆ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಸೇರಲು ಬಂದರು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ, ಹೊರರಾಜ್ಯದವರಿಗೆ 60,000. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು: ಕ್ಯಾಪಿಟೇಶನ್ ಶುಲ್ಕ ಸಂವಿಧಾನದ ಸಮಾನತೆಗೆ ವಿರುದ್ಧ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನೂ ಅರ್ಹತೆಯ ಮೇಲೆ ಹಂಚಬೇಕು ಅಂತ ಒಂದು ವ್ಯವಸ್ಥೆ ಹಾಕಿಕೊಟ್ಟಿತು. 1994ರಲ್ಲಿ ನಮ್ಮ ಸಿಇಟಿ ಘಟಕ ಶುರುವಾದದ್ದು ಈ ಹಿನ್ನೆಲೆಯಲ್ಲಿ.

2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಆ ವ್ಯವಸ್ಥೆ ಸಡಿಲವಾಯ್ತು, ಮ್ಯಾನೇಜ್‌ಮೆಂಟ್ ಕೋಟಾ ಗಟ್ಟಿಯಾಯ್ತು, ಅದೆಲ್ಲ ನಿಮಗೆ ಗೊತ್ತಿರೋದೇ. ಆದರೂ ಹಂಗಳದ ರೈತನ ಮಗಳೂ ಬೆಂಗಳೂರಿನ ಉದ್ಯಮಿಯ ಮಗನೂ ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ನಿಲ್ಲುವ ಒಂದು ಜಾಗ ಉಳಿದುಕೊಂಡಿದೆ. ಅದು ಜನ ಹೋರಾಡಿ, ಕೋರ್ಟು ಹತ್ತಿ ಪಡೆದ ಜಾಗ. ನನ್ನ ಅಭಿಪ್ರಾಯ ಇಷ್ಟು: ಸಂಚಿ ಹಿಡಿದು ಕಾಲೇಜಿಗೆ ಕೊಡ್ತಿದ್ದ ದುಡ್ಡನ್ನ ಈಗ ಸರ್ಟಿಫಿಕೇಟ್ ಮಾಡಿಸೋಕೆ ಕೊಡಿ ಅಂತಿದ್ದಾರೆ. ಹಳೇ ಕ್ಯಾಪಿಟೇಶನ್ ಕೊಟ್ಟರೆ ಸೀಟಾದ್ರೂ ಸಿಗ್ತಿತ್ತು.

ಹಾಗಂತ ಅಂಕ ಪವಿತ್ರವೇನಲ್ಲ. ಪರೀಕ್ಷೆಯ ಅಂಕವನ್ನೂ ಕೋಚಿಂಗ್ ಮೂಲಕ ಕೊಳ್ಳಬಹುದು. ನೀಟ್ ಬಂದ ಮೇಲೆ ಹಳ್ಳಿಯ ಮತ್ತು ತಮಿಳು ಮಾಧ್ಯಮದ ಮಕ್ಕಳ ಪಾಲು ಹೇಗೆ ಕುಸಿಯಿತು ಅಂತ ತಮಿಳುನಾಡಿನ ಎ.ಕೆ. ರಾಜನ್ ಸಮಿತಿ 2021ರಲ್ಲಿ ಲೆಕ್ಕ ಕೊಟ್ಟಿದೆ. 'ಮೆರಿಟ್' ಅನ್ನೋ ಮಾತಿನ ಹಿಂದೆ ಏನಿದೆ ಅಂತ ಮೈಸೂರು ಸಂಸ್ಥಾನದ ಕಾಲದಲ್ಲೇ, 1918ರ ಮಿಲ್ಲರ್ ಸಮಿತಿಯ ಹೊತ್ತಿಗೇ ನಮ್ಮವರು ಪ್ರಶ್ನೆ ಎತ್ತಿದ್ರು. ಆದರೆ ಅಂಕದ ಪದ್ಧತಿಗೆ ಒಂದು ಗುಣ ಇದೆ: ನಿಯಮ ಬರೆದಿಟ್ಟಿರುತ್ತೆ. ಬರೆದಿಟ್ಟದ್ದನ್ನ ಪ್ರಶ್ನಿಸಬಹುದು, ಅದಕ್ಕೆ ಮೀಸಲಾತಿ ಸೇರಿಸಬಹುದು, ಸೇರಿಸಿದ್ದೀವಿ ಕೂಡ. 'ನಿಮ್ಮ ಮಗಳ ವ್ಯಕ್ತಿತ್ವ ನಮಗೆ ಹಿಡಿಸಲಿಲ್ಲ' ಅಂದ್ರೆ ಯಾವ ಕೋರ್ಟಿಗೆ ಹೋಗೋದು?

ಐದನೇ ಕ್ಲಾಸಿನಲ್ಲಿ ಕಳೆದುಕೊಂಡದ್ದು

ಲ್ಯಾಪ್‌ಟಾಪ್ ಮುಂದೆ ಕೂತಾಗ ನನಗೆ ಪ್ರತಿವರ್ಷ ಎದುರಾಗುವ ಒಂದು ಸಂಕಟವಿದೆ. ಅದು ಇಂಟರ್ನ್‌ಶಿಪ್‌ಗಿಂತ ನೂರು ಪಟ್ಟು ದೊಡ್ಡದು, ಆದರೆ ಅದರ ಬಗ್ಗೆ ಯಾರೂ ಸೆಮಿನಾರ್ ಮಾಡಲ್ಲ.

ಸಿಇಟಿ ಪ್ರವೇಶದಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲು. ಇದು ಎಲ್ಲ ಪ್ರವರ್ಗಗಳ ಒಳಗೂ ಅಡ್ಡಲಾಗಿ ಹಾಯುವ ಮೀಸಲಾತಿ. ಸಾವಿರಾರು ರ‍್ಯಾಂಕ್ ಹಿಂದಿದ್ದವರಿಗೂ ಒಳ್ಳೆ ಕಾಲೇಜಿನ ಬಾಗಿಲು ತೆಗೆಯಬಲ್ಲದು. ಆದರೆ ಹತ್ತು ವರ್ಷ ಅಂದ್ರೆ ಹತ್ತು ವರ್ಷ. ಬೇಗೂರಿನಲ್ಲೋ ತೆರಕಣಾಂಬಿಯಲ್ಲೋ ನಾಲ್ಕನೇ ಕ್ಲಾಸಿನವರೆಗೆ ಓದಿದ ಮಗುವನ್ನ, 'ಒಳ್ಳೆ ಸ್ಕೂಲು' ಅಂತ ಗುಂಡ್ಲುಪೇಟೆ ಟೌನಿನ ಕಾನ್ವೆಂಟಿಗೆ ಹಾಕಿದ ದಿನವೇ ಗ್ರಾಮೀಣ ಕೋಟಾ ಹೋಯ್ತು, ಯಾಕಂದ್ರೆ ಗುಂಡ್ಲುಪೇಟೆ ಪುರಸಭೆ. ಮಾಧ್ಯಮ ಬದಲಾದ್ದರಿಂದ ಕನ್ನಡ ಕೋಟಾವೂ ಹೋಯ್ತು. ಮಗು ಅದೇ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿರುತ್ತೆ, ಮನೆಯಲ್ಲಿ ಅದೇ ಬಡತನ. ಲೆಕ್ಕಕ್ಕೆ ಬರೋದು ಶಾಲೆ ಎಲ್ಲಿತ್ತು ಅನ್ನೋದಷ್ಟೇ. ಅಪ್ಪಂದಿರು ಬಿಇಒ ಸಹಿಗೆ ಓಡಾಡಿ, ಕೊನೆಗೆ ಒಂದು ವರ್ಷ ಕಮ್ಮಿ ಅಂತ ಗೊತ್ತಾಗಿ ನನ್ನ ಮುಂದೆ ಬಂದು ಕೂರ್ತಾರೆ. ಏನು ಹೇಳೋದು?

ಟೌನಿಗೆ ಕಳಿಸಿದ್ದು ಅವರ ತಪ್ಪು ಅಂತ ನಾನು ಹೇಳಲ್ಲ. ಹಳ್ಳಿ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು ಇದ್ದರೆ ಯಾರು ತಾನೇ ಬಿಡ್ತಾರೆ? ಆದರೆ ಈ ನಿಯಮವನ್ನ ಒಂದನೇ ಕ್ಲಾಸಿನ ದಾಖಲಾತಿ ದಿನವೇ ಪೋಷಕರಿಗೆ ಹೇಳಬೇಕಾದ್ದು ಇಲಾಖೆಯ ಕೆಲಸ. ಹಾಗೇ ಎಂಜಿನಿಯರಿಂಗ್‌ನಲ್ಲಿ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಶೇ 5 ಸೀಟುಗಳಿವೆ. ಎಸ್‌ಎನ್‌ಕ್ಯೂ ಅಂತ ಕರೀತಾರೆ. ಅದನ್ನ ಆಯ್ಕೆ ಮಾಡಬೇಕು ಅಂತ ಗೊತ್ತಿಲ್ಲದೆ ಬಿಟ್ಟ ಮಕ್ಕಳನ್ನ ನಾನೇ ನೋಡಿದ್ದೀನಿ.

ಒಂದೇ ಗೋಡೆ, ಎರಡು ಕಾಗದ

ಈ ಇಂಟರ್ನ್‌ಶಿಪ್ ಲೋಕದ ಇನ್ನೊಂದು ತುದಿಯನ್ನ ನಾನು ಚಿಕ್ಕವನಿದ್ದಾಗಲೇ ಕಂಡಿದ್ದೆ. ಆಗ ಗೊತ್ತಾಗಿರಲಿಲ್ಲ ಅಷ್ಟೇ.

ನಾನು ಪಿಯುಸಿಯಲ್ಲಿದ್ದಾಗ ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನ ಮಕ್ಕಳು ನಮ್ಮೂರಿಗೆ ಬಂದಿದ್ರು. ನಾಲ್ಕು ದಿನ ಇದ್ದು ಪ್ರಾಥಮಿಕ ಶಾಲೆಯ ಗೋಡೆಗೆ ಬಣ್ಣ ಹೊಡೆದ್ರು. ಒಳ್ಳೆ ಮಕ್ಕಳು. ನನ್ನ ಓರಗೆಯವರೇ. ನಾನು ಮತ್ತು ಇನ್ನಿಬ್ಬರು ಬೋರ್‌ವೆಲ್ಲಿಂದ ನೀರು ಹೊತ್ತೆವು, ಗೋಡೆ ಉಜ್ಜಿದೆವು, ಬಣ್ಣ ಕಲಸಿಕೊಟ್ಟೆವು. ಒಬ್ಬ ಹುಡುಗಿ ನಮ್ಮಜ್ಜಿಯನ್ನ ಕೂರಿಸಿಕೊಂಡು ನೀರಿನ ತೊಂದರೆ ಬಗ್ಗೆ ಕೇಳಿದಳು, ನಾನು ಅನುವಾದ ಮಾಡಿದೆ. ಹೋಗುವಾಗ ಅವರಿಗೆಲ್ಲ ಒಂದೊಂದು ಸರ್ಟಿಫಿಕೇಟ್ ಕೊಟ್ಟು ಫೋಟೊ ತೆಗೆದ್ರು. ನಮಗೆ ಬಿಸ್ಕತ್ತು ಕೊಟ್ಟರು. ನಮಗೆ ಬೇಜಾರೇನೂ ಆಗಲಿಲ್ಲ, ಬಿಸ್ಕತ್ತು ಚೆನ್ನಾಗಿತ್ತು. ವರ್ಷಗಳ ಮೇಲೆ ಕಾಮನ್ ಆ್ಯಪ್‌ನ ಆ ಹತ್ತು ಸಾಲುಗಳನ್ನ ಮೊದಲ ಸಲ ನೋಡಿದಾಗ ಆ ಗೋಡೆ ನೆನಪಾಯ್ತು. ಅದು ಯಾರದೋ ಅರ್ಜಿಯಲ್ಲಿ 'ಗ್ರಾಮೀಣ ಭಾರತದಲ್ಲಿ ನಾಯಕತ್ವ' ಅಂತ ಒಂದು ಸಾಲಾಗಿರಬಹುದು. ನೀರು ಹೊತ್ತವರ ಹೆಸರಿಗೆ ಯಾವ ಸಾಲೂ ಇಲ್ಲ.

ಈಗ ಗುಂಡ್ಲುಪೇಟೆ ಸುತ್ತ ಚೆಂಡುಹೂವು ಅರಳಿದಾಗ ಕೇರಳದಿಂದ ಕಾರುಗಳ ಸಾಲು ಬರುತ್ತೆ. ರಸ್ತೆ ಪಕ್ಕದ ಹೊಲಗಳಲ್ಲಿ ಫೋಟೊಗೆ ಇಷ್ಟು ಅಂತ ರೈತರು ದುಡ್ಡು ತಗೋತಾರೆ. ಬುದ್ಧಿವಂತರು. ಅವರಷ್ಟು ಬುದ್ಧಿ ನಮಗಾಗ ಇರಲಿಲ್ಲ.

ಅಕ್ಕನ ಮಗಳ ವಿಷಯಕ್ಕೇ ಬರೋಣ. ಅವಳು ಚೆಂಡುಹೂವಿನ ಕಾಲದಲ್ಲಿ ಕಾಲೇಜಿಗೆ ಮುಂಚೆ ಎರಡು ಗಂಟೆ ಹೂವು ಬಿಡಿಸ್ತಾಳೆ. ಬಣ್ಣದ ಕಾರ್ಖಾನೆಗೆ ಹೋಗುವ ಹೂವು ಅದು. ತೂಕ ಮಾಡುವಾಗ ತೇವಕ್ಕೆ ಅಂತ ಒಂದಿಷ್ಟು ಕಳೀತಾರೆ. ಎಷ್ಟು ಕಳೆದ್ರು ಅಂತ ಮೂರು ಮನೆಯವರ ಚೀಟಿಗಳನ್ನ ಎರಡು ವರ್ಷದಿಂದ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮಳೆ ಇಲ್ಲದ ದಿನವೂ ತೇವ ಕಳೆದದ್ದನ್ನ ತೋರಿಸಿ ಅವರಪ್ಪ ಒಮ್ಮೆ ಜಗಳ ಆಡಿ ದುಡ್ಡು ತಂದಿದ್ದಾರೆ. "ಇದು ಆ ಹತ್ತು ಸಾಲಲ್ಲಿ ಬರೀಬೋದಾ ಮಾವ?" ಅಂತ ಕೇಳಿದಳು. ಬರೀಬಹುದು. ಸಿಂಗಾಪುರದ ಗ್ರೂಪ್ ಫೋಟೊಗಿಂತ ಪ್ರವೇಶಾಧಿಕಾರಿ ಇದನ್ನ ಎರಡು ಸಲ ಓದ್ತಾನೆ. ಆದರೆ ಹೀಗಂತ ಇಂಗ್ಲಿಷಿನ 150 ಅಕ್ಷರದಲ್ಲಿ ಹೇಳೋದು ಅವಳಿಗೆ ಯಾರು ಕಲಿಸ್ತಾರೆ? ಆ ಅರ್ಜಿ ಇದೆ ಅನ್ನೋದನ್ನೇ ಅವಳ ಕಾಲೇಜಿನಲ್ಲಿ ಹೇಳುವವರಿಲ್ಲ. ಹಾರ್ವರ್ಡ್, ಎಂಐಟಿ, ಯೇಲ್, ಪ್ರಿನ್ಸ್‌ಟನ್, ಆಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಕಡೆ, ವಿದೇಶಿ ವಿದ್ಯಾರ್ಥಿಗೆ ಫೀಸು ಕಟ್ಟುವ ಶಕ್ತಿ ಇದೆಯಾ ಅಂತ ನೋಡದೆ ಆಯ್ಕೆ ಮಾಡಿ, ಆಮೇಲೆ ಕೊರತೆಯನ್ನ ತುಂಬಿಕೊಡ್ತಾರೆ. ಅಲ್ಲಿ ಸೀಟು ಸಿಗೋದು ಲಾಟರಿಗಿಂತ ಸ್ವಲ್ಪ ಮೇಲು ಅಷ್ಟೇ. ಹಾಗಂತ ಆ ಲಾಟರಿಯ ಸುದ್ದಿಯೂ ನಮ್ಮ ಕಡೆ ಮುಟ್ಟಬಾರದಾ?

ದುಡ್ಡು ಕೊಡದೆ ಹೋಗಬಹುದಾದ ಜಾಗಗಳೂ ಇವೆ. ಇಸ್ರೊದ 'ಯುವಿಕಾ' ಒಂಬತ್ತನೇ ತರಗತಿಯವರಿಗೆ, 2019ರಲ್ಲಿ ಶುರುವಾದದ್ದು. ಪ್ರಯಾಣ, ಊಟ, ವಸತಿ ಎಲ್ಲ ಇಸ್ರೊದ್ದೇ. ಆಯ್ಕೆಯಲ್ಲಿ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ ಇದೆ. ಜಪಾನ್ ಸರ್ಕಾರದ 'ಸಕುರಾ ಸೈನ್ಸ್' ಕಾರ್ಯಕ್ರಮದಲ್ಲಿ 2016ರಿಂದ ಭಾರತದ ಶಾಲಾ ಮಕ್ಕಳು ಖರ್ಚಿಲ್ಲದೆ ಜಪಾನಿಗೆ ಹೋಗಿ ಬರ್ತಿದ್ದಾರೆ. ಇವಕ್ಕೂ ಸಿಇಟಿಯಲ್ಲಿ ಸೊನ್ನೆಯೇ. ಹೋಗಿ ಬಂದರೆ ಮಗುವಿನ ಕಣ್ಣು ತೆರೆಯುತ್ತೆ, ಅದಕ್ಕಾಗಿ ಹೋಗಬೇಕು. ಸೀಟಿಗಾಗಿ ಅಲ್ಲ.

ಜಿಲ್ಲೆ ಕೇಳಬೇಕಾದ್ದು

1997ರಲ್ಲಿ ಮೈಸೂರಿಂದ ಬೇರೆಯಾದ ಜಿಲ್ಲೆ ನಮ್ಮದು. ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ಆಮೇಲೆ ಬಂದವು. 2023ರಲ್ಲಿ ಚಾಮರಾಜನಗರಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಎರಡೇ ವರ್ಷ, 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಹೊರಟ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಕಾರಣ, ಹಣ ಇಲ್ಲ. ಹಿಂದಿನ ಸರ್ಕಾರ ಹಣ ಇಡದೆ ಬೋರ್ಡು ಹಾಕಿತ್ತು ಅನ್ನೋದೂ ನಿಜ. ಮನೆಯ ಹತ್ತಿರದ ವಿಶ್ವವಿದ್ಯಾಲಯ ಮುಚ್ಚುವ ಮಾತಿಗೆ ಹನೂರಿನ, ಯಳಂದೂರಿನ ಮನೆಗಳಲ್ಲಿ ಎಷ್ಟು ಹುಡುಗಿಯರ ಎಂಎ, ಎಂಎಸ್ಸಿ ನಿಂತುಹೋಗುತ್ತೆ ಅಂತ ಆ ಸಮಿತಿಯಲ್ಲಿ ಯಾರಾದ್ರೂ ಕೇಳಿದ್ರಾ?

ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಅದರ ಮೇಲೆ ಚರ್ಚೆ ಮಾಡುವ ನಮ್ಮಂಥವರು ಒಂದು ಮಾತು ಸೇರಿಸಬೇಕು: ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಪ್ರವೇಶದ ನಿಯಮ ಗೊತ್ತಿರುವ ಒಬ್ಬ ಮನುಷ್ಯ ಕೂತಿರಬೇಕು. ಸಿಇಟಿ, ಎಸ್‌ಎನ್‌ಕ್ಯೂ, ಗ್ರಾಮೀಣ ಕೋಟಾ, ಕಾಮನ್ ಆ್ಯಪ್, ಪರಿಶಿಷ್ಟರ ವಿದೇಶ ವ್ಯಾಸಂಗ ವೇತನ, ಎಲ್ಲವನ್ನೂ ಪುಕ್ಕಟೆಯಾಗಿ ಹೇಳಿಕೊಡಬೇಕು. ಆ ಕುರ್ಚಿ ಖಾಲಿ ಇರೋದರಿಂದಲೇ ಕಲ್ಯಾಣ ಮಂಟಪದಲ್ಲಿ ಸೂಟು ಹಾಕಿದವನು ಮೈಕ್ ಹಿಡಿದಿರೋದು.

ಭಾವ ಮರುದಿನ ಮೈಸೂರಿನ ಆ ಆಫೀಸಿಗೆ ಹೋದರು. ಜಗಳ ಆಡಲಿಲ್ಲವಂತೆ. "ಸೀಟು ಗ್ಯಾರಂಟಿ ಅಂತ ಅಂದ್ರಲ್ಲ, ಅದನ್ನೇ ನಿಮ್ಮ ಲೆಟರ್‌ಹೆಡ್‌ಲಿ ಬರ್ದು ಸೈನ್ ಹಾಕ್ಕೊಡಿ ಸಾರ್, ಮಿಕ್ಕಿದ್ದ ದುಡ್ಡ ಈಗ್ಲೇ ಕಟ್ತೀನಿ" ಅಂತ ಕೇಳಿದರಂತೆ. ಬರೆದುಕೊಡಲಿಲ್ಲ. ಮುಂಗಡ ವಾಪಸ್ ಕೊಡೋಕಾಗಲ್ಲ ಅನ್ನೋದನ್ನ ಮಾತ್ರ ರಸೀದಿಯ ಹಿಂಬದಿ ತಿರುಗಿಸಿ ತೋರಿಸಿದರು. ಅಲ್ಲಿ ಅದನ್ನ ಸಣ್ಣ ಅಕ್ಷರದಲ್ಲಿ ಬರೆದೇ ಇದ್ರು.